ಬಾಗಿಲು ಮುಚ್ಚುವ ದಿನ: ಅಘನಾಶಿನಿ ದಂಡೆಯ ಒಂದು ಗಜನಿಯ ಪ್ರಕರಣ

2021ರ ಜೂನ್ ಕೊನೆಯ ವಾರ. ನಮ್ಮ ಗಜನಿಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿನ ಕೆಸರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆಯಲ್ಲಿ, ಬಿತ್ತಿದ ಕಗ್ಗ ಭತ್ತದ ಸಸಿ ನಾಲ್ಕು ಬೆರಳು ಎದ್ದು ಅಲ್ಲಿಗೇ ನಿಂತುಬಿಟ್ಟಿತು. ಮೊದಲು ಎಲೆಯ ತುದಿ ಹಳದಿ ಆಯಿತು. ಮೂರ್ನಾಲ್ಕು ದಿನದಲ್ಲಿ ಇಡೀ ಸಸಿ ಬೆಂಕಿ ತಾಗಿದ ಹಾಗೆ ಕಂದಿತು. ಮಳೆ ಇರಲಿಲ್ಲ ಅಂತಲ್ಲ. ಕೊಡೆ ಮಡಚಲು ಪುರುಸೊತ್ತಿಲ್ಲದ ಹಾಗೆ ಸುರಿಯುತ್ತಿತ್ತು. ಗದ್ದೆಯ ಮೇಲಿನ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟರೆ ಸಪ್ಪೆ. ಹಾಗಾದರೆ ಸಸಿ ಸತ್ತದ್ದು ಯಾಕೆ?

ನನ್ನ ಸೋದರಮಾವನಿಗೆ ಎಪ್ಪತ್ತು ದಾಟಿದೆ. ಅವರು ಮೊಣಕಾಲು ನೀರಿಗೆ ಇಳಿದು, ಬಗ್ಗಿ, ಮೊಣಕೈವರೆಗೆ ಕೈ ಕೆಸರಿಗೆ ಹಾಕಿ ಒಂದು ಮುಷ್ಟಿ ಮಣ್ಣು ತೆಗೆದರು. ಅದನ್ನು ಹಿಂಡಿ, ಇಳಿದ ಹನಿಯನ್ನು ನನ್ನ ಅಂಗೈಗೆ ಬಿಟ್ಟು "ನೆಕ್ಕಿ ನೋಡು" ಅಂದರು. ಬಾಯಿಗೆ ಇಟ್ಟರೆ ಸಮುದ್ರದ ನೀರೇ. ಮೇಲೆ ಒಂದು ಗೇಣು ಸಿಹಿನೀರು, ಕೆಳಗೆ ಬೇರಿನ ಹತ್ತಿರ ಉಪ್ಪು. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆ ಎಷ್ಟು ಸುರಿದರೂ ಅದು ಮೇಲೆ ಚಾಪೆ ಹಾಸಿದ ಹಾಗೆ ನಿಲ್ಲುತ್ತದೆ ಹೊರತು ಕೆಸರಿನ ಉಪ್ಪನ್ನು ತೆಗೆಯುವುದಿಲ್ಲ. "ಮಳೆ ತಪ್ಪಲಿಲ್ಲ ತಮ್ಮಾ, ಬಾಗಿಲು ತಪ್ಪಿತು" ಅಂದರು ಮಾವ.

ಗಜನಿಯ ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಆ ಬಾಗಿಲಿನ ಕಥೆ ಇದು. ಊರಿನ ಹೆಸರು ಬೇಡ. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿ ಅಂದರೆ ಸಾಕು. ನಾನು ಮೇಷ್ಟರ ಕೆಲಸ ಮಾಡುವವನು. ಗಜನಿಯಲ್ಲಿ ನಮ್ಮ ಮನೆಗೆ ಸಣ್ಣ ಪಾಲಿದೆ. 2021ರಿಂದ ಆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ.

ನಮ್ಮ ಜಿಲ್ಲೆಯ ನೆಲದ ರಚನೆ ಗೊತ್ತಿಲ್ಲದಿದ್ದರೆ ಗಜನಿ ಅರ್ಥ ಆಗುವುದಿಲ್ಲ. ಇಲ್ಲಿ ಘಟ್ಟ ಸಮುದ್ರಕ್ಕೆ ತುಂಬಾ ಹತ್ತಿರ. ಕಾರವಾರದಲ್ಲಂತೂ ಗುಡ್ಡದ ಕಾಲು ನೀರಲ್ಲೇ ಇದೆ. ಹಾಗಾಗಿ ಹೊಳೆಗಳಿಗೆ ಉದ್ದ ಕಡಿಮೆ, ಓಟ ಜಾಸ್ತಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲವೂ ಘಟ್ಟದ ಮೇಲೆ ಸುಮ್ನೆ ಹರಿದು, ಒಮ್ಮೆಲೇ ಕೆಳಗೆ ಹಾರಿ, ಸಮುದ್ರದ ಹತ್ತಿರ ಬಂದು ಮತ್ತೆ ಮಲಗಿಬಿಡುತ್ತವೆ. ಅಘನಾಶಿನಿ ಹುಟ್ಟುವುದು ಶಿರಸಿಯ ಕಡೆ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಆಮೇಲೆ ತದಡಿಯ ಹತ್ತಿರ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಘಟ್ಟದ ಮಣ್ಣನ್ನೆಲ್ಲ ಇಳಿಸುವುದು ಅಲ್ಲೇ.

ಇದು ಉಷ್ಣವಲಯದ ನೆಲ. ನಾಲ್ಕು ತಿಂಗಳು ಜಡಿಮಳೆ, ಎಂಟು ತಿಂಗಳು ಬಿಸಿಲು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಈ ಮಳೆ, ಈ ಬಿಸಿಲು ಸೇರಿ ಗುಡ್ಡದ ಮಣ್ಣಿನ ಸತ್ವವನ್ನು ತೊಳೆದು, ಹೆಚ್ಚಾಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶವನ್ನೇ ಉಳಿಸಿ ಗಟ್ಟಿ ಮಾಡಿವೆ. ನಾವು ಮನೆ ಕಟ್ಟುವ ಚಿರೆಕಲ್ಲು ಅದೇ. ಚಿರೆಕಲ್ಲಿನ ಬೋಳಿನ ಮೇಲೆ ಭತ್ತ ಆಗುವುದಿಲ್ಲ. ತೊಳೆದು ಹೋದ ಸತ್ವ ಎಲ್ಲಿ ಸೇರಿತೋ ಅಲ್ಲಿ ಆಗುತ್ತದೆ. ನಮ್ಮ ಹಿರಿಯರು ಅದನ್ನು ಬೆನ್ನು ಹತ್ತಿ ಅಳಿವೆಗೆ ಇಳಿದವರು. ಭರತದಲ್ಲಿ (ಸಮುದ್ರದ ಉಬ್ಬರದಲ್ಲಿ) ಮುಳುಗುವ, ಇಳಿತದಲ್ಲಿ ಏಳುವ ಕೆಸರಿಗೆ ಕಟ್ಟೆ ಹಾಕಿ ಗದ್ದೆ ಮಾಡಿದರು. ಅದೇ ಗಜನಿ. ಗೋವಾದಲ್ಲಿ ಇದೇ ಜಾತಿಯ ಭೂಮಿಗೆ ಖಾಜನ್ ಅನ್ನುತ್ತಾರೆ. ಕೇರಳದಲ್ಲಿ ಕಣ್ಣೂರಿನ ಕಡೆ ಕೈಪಾಡ್, ಕೊಚ್ಚಿಯ ಕಡೆ ಪೊಕ್ಕಾಳಿ.

ಕಟ್ಟೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎತ್ತರ ಎಷ್ಟು, ಕಲ್ಲಿನದೋ ಮಣ್ಣಿನದೋ, ಯಾವ ವರ್ಷ ಒಡೆಯಿತು. ಬಾಗಿಲಿನ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಗಜನಿ ಅಂದರೆ ಬಾಗಿಲೇ. ನಮ್ಮ ಗಜನಿಯದು ಎರಡು ಕಲ್ಲಿನ ಕಂಬದ ನಡುವೆ ಒಂದು ಗಂಡಿ. ಕಂಬಗಳಲ್ಲಿ ಉದ್ದಕ್ಕೆ ಜಾಡು ಕೊರೆದಿದೆ. ಆ ಜಾಡಿನಲ್ಲಿ ಮತ್ತಿ ಮರದ ಏಳು ಹಲಗೆ ಒಂದರ ಮೇಲೊಂದು ಇಳಿಯುತ್ತವೆ. ಇಳಿತ ಶುರುವಾದಾಗ ಹಲಗೆ ಎತ್ತಿದರೆ ಒಳಗಿನ ನೀರು ಹೊರಗೆ ಓಡುತ್ತದೆ. ಭರತ ತಿರುಗುವ ಮೊದಲು ಇಳಿಸಿಬಿಟ್ಟರೆ ಹೊಳೆಯ ಉಪ್ಪುನೀರು ಒಳಗೆ ಬರುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತು ಬೆಳಗ್ಗೆ ಆರಕ್ಕೆ ಬಂದ ಭರತ ನಾಳೆ ಆರೂ ಮುಕ್ಕಾಲರ ಮೇಲೆ ಬರುತ್ತದೆ. ಹೀಗೆ ಸರಿಯುತ್ತಾ ಸರಿಯುತ್ತಾ ಹಲಗೆ ಎತ್ತುವ ಹೊತ್ತು ನಡುರಾತ್ರಿಗೂ ಬೀಳುತ್ತದೆ. ಆಗ ಟಾರ್ಚ್ ಹಿಡಿದು, ಕಟ್ಟೆಯ ಮೇಲೆ ಜಾರುತ್ತಾ ಹೋಗಲೇಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ನೀರು ತುಂಬಾ ಏರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ಗದ್ದೆ ಬಸಿಯಲು ಅವೇ ಒಳ್ಳೆಯ ದಿನ. ಕಟ್ಟೆ ಒಡೆಯುವುದೂ ಅವೇ ದಿನಗಳಲ್ಲಿ. ಏಡಿ ಕೊರೆದ ತೂತನ್ನು ಹಿಂದಿನ ದಿನ ಮೆತ್ತದಿದ್ದರೆ ಅಮಾವಾಸ್ಯೆಯ ಭರತ ಅಲ್ಲೇ ನುಗ್ಗುತ್ತದೆ.

ಮಾವ ಹುಡುಗರಾಗಿದ್ದಾಗಿನ ಲೆಕ್ಕ ಹೀಗಿತ್ತು. ಮೇ ತಿಂಗಳ ಆರಂಭದಲ್ಲಿ ಗದ್ದೆಯ ನೀರು ಪೂರ್ತಿ ಬಸಿದು ಬಾಗಿಲು ಮುಚ್ಚುವುದು. ಬಿಸಿಲಿಗೆ ಕೆಸರು ಒಣಗಿ ಬಾಯಿ ಬಿಡಬೇಕು. ಮುಷ್ಟಿ ತೂರುವಷ್ಟು ಬಿರುಕು. ರೋಹಿಣಿ ಮಳೆಯ ನೀರು ಆ ಬಿರುಕಿನಲ್ಲಿ ಇಳಿದು ಕೆಳಗಿನ ಉಪ್ಪನ್ನು ಕರಗಿಸುತ್ತದೆ. ಪ್ರತಿ ಇಳಿತಕ್ಕೂ ಹಲಗೆ ಎತ್ತಿ ಆ ನೀರು ಹೊರಗೆ ಬಿಡುವುದು. ಮೃಗಶಿರಾ ಮಳೆಯಲ್ಲಿ ಇನ್ನೊಂದೆರಡು ಸಲ ತೊಳೆಯುವುದು. ಆಮೇಲೆ ಮೊಳಕೆ ಬರಿಸಿದ ಕಗ್ಗವನ್ನು ಎರಚುವುದು. ಕಗ್ಗ ಆಳೆತ್ತರ ಬೆಳೆಯುತ್ತದೆ. ಸ್ವಲ್ಪ ಉಪ್ಪು ತಡೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ತಡೆಯುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ದೀಪಾವಳಿಯ ಹೊತ್ತಿಗೆ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಮತ್ತೆ ಬಾಗಿಲು ತೆರೆದು ಉಪ್ಪುನೀರು ಒಳಗೆ ಬಿಟ್ಟರೆ ಆ ಹುಲ್ಲು ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವು. ಚಳಿಗಾಲದಲ್ಲಿ ಹೊರದೇಶದ ಹಕ್ಕಿಗಳು ಬಂದು ಇಳಿಯುವುದೂ ಇದೇ ಕೆಸರಿಗೆ. ಒಂದೇ ನೆಲ. ಆರು ತಿಂಗಳು ಹೊಳೆಗೆ ಸೇರಿದ್ದು, ಆರು ತಿಂಗಳು ಸಮುದ್ರಕ್ಕೆ. ಸಾಣಿಕಟ್ಟೆಯಲ್ಲಿ ಉಪ್ಪು ಮಾಡುವವರೂ ಇದೇ ಭರತದ ನೀರನ್ನು ಬೇಸಿಗೆಯಲ್ಲಿ ಪಾತಿಗೆ ಬಿಟ್ಟುಕೊಳ್ಳುತ್ತಾರೆ. ಅವರಿಗೆ ಉಪ್ಪು ಉಳಿಯಬೇಕು, ನಮಗೆ ಹೋಗಬೇಕು. ಕಲಿಯಬೇಕಾದ ಲೆಕ್ಕ ಎರಡೂ ಕಡೆ ಒಂದೇ.

ತಪ್ಪಿದ್ದು ಹೇಗೆ? ಒಮ್ಮೆಲೇ ತಪ್ಪಿದ್ದಲ್ಲ. ನಾನು ಹುಟ್ಟುವ ಮೊದಲೇ ಮಣ್ಣಿನ ಕಟ್ಟೆಯ ಜಾಗದಲ್ಲಿ ಸರ್ಕಾರದ ಕಲ್ಲಿನ ಕಟ್ಟೆ ಬಂತು. ಒಳ್ಳೆಯದೇ ಆಯಿತು ಅಂದುಕೊಂಡರು. ಪ್ರತಿ ವರ್ಷ ಎಲ್ಲಾ ಮನೆಯವರು ಸೇರಿ ಕಟ್ಟೆಗೆ ಮಣ್ಣು ಹಾಕುವ ಕೆಲಸ ನಿಂತಿತು. ಆದರೆ ಆ ನೆಪದಲ್ಲಿ ವರ್ಷಕ್ಕೊಮ್ಮೆ ಕೂತು ಬಾಗಿಲಿನ ದಿನ ನಿರ್ಧರಿಸುತ್ತಿದ್ದದ್ದೂ ನಿಂತಿತು. ಆಮೇಲೆ ಶೆಟ್ಲಿಗೆ ರೇಟು ಬಂತು. ಗಜನಿಯನ್ನು ಗುತ್ತಿಗೆಗೆ ಕೊಟ್ಟರೆ ಕೂತಲ್ಲಿ ಹಣ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೃಷಿ ಕೊಳಗಳನ್ನು ತೆಗೆಸಲು ಹೇಳಿದಾಗ ಹಳೆಯ ಪದ್ಧತಿಗೆ ವಿನಾಯಿತಿ ಇತ್ತು. ಗಜನಿಯಲ್ಲಿ ಹೊಸ ಕೊಳ ತೋಡುವುದಿಲ್ಲ, ಭರತದೊಂದಿಗೆ ಬಂದ ಮರಿಯನ್ನೇ ಬೆಳೆಸಿ ಹಿಡಿಯುವುದು. ಹಾಗಾಗಿ ನಮ್ಮಲ್ಲಿ ಗುತ್ತಿಗೆ ಮುಂದುವರಿಯಿತು. ಬಾಗಿಲಿನ ಹಲಗೆ ಗುತ್ತಿಗೆದಾರರ ಕೈ ಸೇರಿತು.

ಗುತ್ತಿಗೆ ಹಿಡಿದವರನ್ನು ದೂರುವುದು ಸುಲಭ. ನಾನೂ ಮೊದಲು ದೂರಿದ್ದೆ. ಒಂದು ರಾತ್ರಿ ಅವರ ಜೊತೆ ಬಾಗಿಲಿನ ಹತ್ತಿರ ಕೂತ ಮೇಲೆ ಅವರ ಲೆಕ್ಕ ತಿಳಿಯಿತು. ಇಳಿತದ ಹೊತ್ತು. ಗಂಡಿಗೆ ಚೀಲದ ಬಲೆ ಕಟ್ಟಿ, ಮೇಲೆ ಒಂದು ದೀಪ ತೂಗು ಹಾಕಿದ್ದರು. ನೀರು ಬಲೆಯೊಳಗೆ ಬುಸ್ ಅಂತ ನುಗ್ಗುತ್ತಿತ್ತು. ಶೆಟ್ಲಿಯ ಕಣ್ಣುಗಳು ದೀಪದ ಬೆಳಕಿಗೆ ಕೆಂಡದ ಕಿಡಿಯ ಹಾಗೆ ಹೊಳೆಯುತ್ತಿದ್ದವು. ಮೊದಲ ಮಳೆ ಬಿದ್ದು ನೀರು ಸಪ್ಪೆ ಆದ ಕೂಡಲೇ ದೊಡ್ಡ ಶೆಟ್ಲಿ ಸಮುದ್ರದ ಕಡೆ ಓಡುತ್ತದೆ. ಇಡೀ ವರ್ಷದಲ್ಲಿ ಬಲೆ ತುಂಬುವುದು ಆ ಹದಿನೈದು ದಿನ. ಅದಕ್ಕೇ ಅವರಿಗೆ ಜೂನ್ ಮಧ್ಯದವರೆಗೆ ಗಜನಿಯಲ್ಲಿ ನೀರು ತುಂಬಿಯೇ ಇರಬೇಕು. ನಮಗೆ ಮೇ ತಿಂಗಳಲ್ಲೇ ಗದ್ದೆ ಒಣಗಬೇಕು. ಜಗಳ ಇಷ್ಟೇ, ಆರು ವಾರದ್ದು. ಪೊಕ್ಕಾಳಿ ಸೀಮೆಯಲ್ಲಿ ನವೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಸಿಗಡಿ, ಆಮೇಲೆ ಭತ್ತ ಅನ್ನುವ ಲೆಕ್ಕ ಇದೆ. ಅಲ್ಲೂ ತಂಟೆ ಬರುವುದು ಈ ತಾರೀಕಿನ ಮೇಲೆಯೇ.

2021ರಲ್ಲಿ ಬಲೆ ತೆಗೆದದ್ದು ಜೂನ್ 14ಕ್ಕೆ. ನಾವು ಮರುದಿನವೇ ಬಿತ್ತಿದೆವು. ಕೆಸರು ಒಣಗಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ. ಉಪ್ಪು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮೊದಲು ಹೇಳಿದ ಸಸಿ ಸತ್ತದ್ದು ಹಾಗೆ. ಅದರ ಜೊತೆ ನಮ್ಮ ಮನೆಗಳಲ್ಲಿ ಉಳಿದಿದ್ದ ಬೀಜವೂ ಹೋಯಿತು. ಅದು ನನಗೆ ಜಾಸ್ತಿ ನೋವು ಕೊಟ್ಟದ್ದು. ಹಣ ಮುಂದಿನ ವರ್ಷ ಬರಬಹುದು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ.

2022ರಲ್ಲಿ ಯಾರೂ ಬಿತ್ತಲಿಲ್ಲ. ಖಾಲಿ ಬಿಟ್ಟ ಗಜನಿ ಸುಮ್ಮನೆ ಕೂರುವುದಿಲ್ಲ. ಭರತದಲ್ಲಿ ತೇಲಿ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಬೀಜಗಳು ತಗ್ಗಿನ ಮೂಲೆಯಲ್ಲಿ ನೆಟ್ಟಗೆ ಚುಚ್ಚಿಕೊಂಡು ಚಿಗುರಿದವು. ಕಟ್ಟೆಯ ಹೊರಮೈಗೆ ಕಾಂಡ್ಲಾ ಬೇಕು. ಅದರ ಬೇರು ಅಲೆಯ ಹೊಡೆತ ತಡೆಯುತ್ತದೆ. ನಮ್ಮ ಹಿರಿಯರು ತಾವೇ ನೆಟ್ಟದ್ದೂ ಇದೆ. ಆದರೆ ಒಳಗೆ ಬೆಳೆದರೆ ಗದ್ದೆ ಗದ್ದೆಯಾಗಿ ಉಳಿಯುವುದಿಲ್ಲ. ಮರವಾದ ಮೇಲೆ ಕಡಿಯುವಂತಿಲ್ಲ, ಕಡಿಯಲೂಬಾರದು ಅನ್ನುವುದೇ ನನ್ನ ಮಾತು. ಇನ್ನೊಂದೆರಡು ವರ್ಷ ಬಿಟ್ಟರೆ ಈ ನೆಲ ನಮ್ಮ ಕೈ ತಪ್ಪುತ್ತದೆ ಅಂತ ಆ ಮೂಲೆ ನೋಡಿದಾಗ ಗೊತ್ತಾಯಿತು.

ಆ ಚಳಿಗಾಲ ಪಾಲುದಾರರೆಲ್ಲ ದೇವಸ್ಥಾನದ ಅಂಗಳದಲ್ಲಿ ಕೂತೆವು. ಮುಂಬೈ, ಗೋವಾದಲ್ಲಿ ಇರುವವರು ಫೋನಿನಲ್ಲಿ. ಗುತ್ತಿಗೆದಾರರನ್ನೂ ಕರೆದೆವು. ತುಂಬಾ ಹೊತ್ತು ಕೂಗಾಟ ಆಯಿತು. ಕೊನೆಗೆ ಜೂನ್ 1ಕ್ಕೆ ಬಲೆ ತೆಗೆಯುವುದು, 15ಕ್ಕೆ ಬಿತ್ತುವುದು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿದೆವು. ಬರೆದವನು ನಾನೇ. ಮಾಣಿಕಟ್ಟಾ ಕಡೆಯಲ್ಲಿ ಇನ್ನೂ ಕಗ್ಗ ಉಳಿಸಿಕೊಂಡು ಬಂದವರಿಂದ ಎರಡು ಹೆಡಿಗೆ ಬೀಜ ತಂದೆವು. 2023ರಲ್ಲಿ ಮಾತಿನ ಪ್ರಕಾರ ಜೂನ್ 1ಕ್ಕೇ ಬಲೆ ಮೇಲೆ ಬಂತು. ಆದರೆ ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ನಮ್ಮಲ್ಲಿ ತೊಳೆಯುವಷ್ಟು ಮಳೆಯೇ ಬೀಳಲಿಲ್ಲ. 15ನೇ ತಾರೀಕು ಬಂತು. ಮಾವ ಬೇಡ ಅಂದರು. ಕಾಗದದಲ್ಲಿ ಬರೆದದ್ದು 15, ಬಿತ್ತೋಣ ಅಂತ ನಾನು ಹಟ ಮಾಡಿದೆ. ಒಂದು ಹೆಡಿಗೆ ಬೀಜ ಹಾಳಾಯಿತು. ಆ ತಪ್ಪು ನನ್ನದು. ಉಳಿದ ಹೆಡಿಗೆಯನ್ನು ತಡವಾಗಿ ಎತ್ತರದ ತುಂಡಿನಲ್ಲಿ ಬಿತ್ತಿ, ಬೀಜಕ್ಕೆ ಸಾಕಾಗುವಷ್ಟು ಉಳಿಸಿಕೊಂಡೆವು.

ಮಡಕೆಯ ಪರೀಕ್ಷೆ ಶುರುವಾದದ್ದು ಅದರ ಮರುವರ್ಷ. ಹೊಸದಲ್ಲ, ಮಾವನ ಅಮ್ಮ ಮಾಡುತ್ತಿದ್ದರಂತೆ. ಗದ್ದೆಯ ಮೂರು ಕಡೆಯಿಂದ, ಮೊಣಕೈ ಆಳದ ಕೆಸರು ತೆಗೆದು ಮೂರು ಮಡಕೆಗೆ ತುಂಬುವುದು. ಪ್ರತಿಯೊಂದಕ್ಕೂ ಒಂದು ಹಿಡಿ ಮೊಳಕೆ ಕಗ್ಗ ಚೆಲ್ಲಿ, ಮೇಲೆ ಅದೇ ಗದ್ದೆಯ ನೀರು ಹಾಕಿ ಜಗಲಿಯಲ್ಲಿ ಇಡುವುದು. ನಾಲ್ಕನೇ ದಿನ ಮೊಳಕೆಯ ತುದಿ ಹಸಿರಾಗಿದ್ದರೆ ಬಿತ್ತಬಹುದು. ಹಳದಿ ತಿರುಗಿದರೆ ಇನ್ನೊಂದು ಇಳಿತಕ್ಕೆ ಹಲಗೆ ಎತ್ತಿ ತೊಳೆಯಬೇಕು. ನೋಡಲು ಸಣ್ಣ ಕೆಲಸ. ಆದರೆ ಒಂದು ಹಿಡಿ ಬೀಜ ಕಳೆದುಕೊಂಡು ಒಂದು ಹೆಡಿಗೆ ಉಳಿಸಿಕೊಳ್ಳುವ ದಾರಿ ಅದು.

ಕಾಗದವನ್ನೂ ಬದಲಿಸಿದೆವು. ಬಿತ್ತುವ ತಾರೀಕನ್ನು ತೆಗೆದು ಹಾಕಿ "ಮಡಕೆ ಹೇಳಿದ ದಿನ" ಅಂತ ಬರೆದೆವು. ಬಲೆ ತೆಗೆಯುವ ದಿನವನ್ನು ಮೇ 1ಕ್ಕೆ ತಂದೆವು. ಇದರಿಂದ ಗುತ್ತಿಗೆದಾರರಿಗೆ ಆ ಹದಿನೈದು ದಿನದ ದೊಡ್ಡ ಶೆಟ್ಲಿ ತಪ್ಪುತ್ತದೆ. ಅದನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ ಅಲ್ವಾ? ಹಾಗಾಗಿ ಗುತ್ತಿಗೆ ಹಣದಲ್ಲಿ ಕಾಲುಭಾಗ ಬಿಟ್ಟುಕೊಟ್ಟೆವು. ಇದಕ್ಕೆ ಎಲ್ಲರೂ ಒಪ್ಪಲಿಲ್ಲ. ಊರಲ್ಲಿ ಇಲ್ಲದವರಿಗೆ ಭತ್ತ ಬೇಡ, ಹಣ ಬೇಕು. ಅದೂ ಸಹಜ. ಅವರ ಪಾಲಿನ ಹಣವನ್ನು ಬಿತ್ತುವವರೇ ತುಂಬಿಕೊಡುವುದು ಅಂತ ಆಯಿತು.

2024ರ ಮೇ ತಿಂಗಳಲ್ಲಿ ಎಷ್ಟೋ ವರ್ಷದ ಮೇಲೆ ನಮ್ಮ ಗಜನಿ ಬಾಯಿ ಬಿಟ್ಟಿತು. ನಾನು ಬಿರುಕಿನಲ್ಲಿ ಕೈ ಹಾಕಿ ನೋಡಿದೆ, ಮಣಿಕಟ್ಟಿನವರೆಗೆ ಹೋಯಿತು. ಮಳೆ ಬಂದ ಮೇಲೆ ಮೂರು ಸಲ ತೊಳೆದೆವು. ಎರಡನೇ ಪರೀಕ್ಷೆಯಲ್ಲಿ ಮಡಕೆ ಹಸಿರಾಯಿತು, ಬಿತ್ತಿದೆವು. ಜುಲೈ ತಿಂಗಳ ಮಳೆ ಕರಾವಳಿಯವರು ಮರೆಯುವ ಮಳೆಯಲ್ಲ. 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿಯೊಳಗೆ ಬಿತ್ತು. ಜನ ಹೋದರು. ಆ ವಾರ ನಮ್ಮ ಗಜನಿಯಲ್ಲಿ ಭತ್ತ ಅನ್ನುವುದು ಕಾಣಿಸಲೇ ಇಲ್ಲ. ಹೊಳೆ, ಗದ್ದೆ ಎಲ್ಲಾ ಒಂದೇ ಕೆಂಪು ನೀರು. ಮನೆಯಲ್ಲಿ ಯಾರೂ ಭತ್ತದ ಮಾತು ಎತ್ತಲಿಲ್ಲ, ಎತ್ತುವ ಹೊತ್ತೂ ಅದಾಗಿರಲಿಲ್ಲ. ನೀರು ಇಳಿದ ಮೇಲೆ ಕಟ್ಟೆಗೆ ಹೋದರೆ ಸಸಿಗಳು ಕೆಸರು ಮೆತ್ತಿಕೊಂಡು ಒಂದೇ ಕಡೆಗೆ ಮಲಗಿದ್ದವು. ಇನ್ನೊಂದು ವಾರಕ್ಕೆ ಎದ್ದು ನಿಂತವು. ಬೇರೆ ಯಾವ ಭತ್ತವೂ ಹಾಗೆ ಏಳುತ್ತಿರಲಿಲ್ಲ ಅಂತ ಮಾವ ಹೇಳುತ್ತಲೇ ಇದ್ದರು.

ಇಳುವರಿ ದೊಡ್ಡದಲ್ಲ. ಆದರೆ ಖರ್ಚೂ ಇಲ್ಲ. ಬಿತ್ತಿದ ಮನೆಗಳಿಗೆ ವರ್ಷದ ಗಂಜಿಗೆ ಕೆಂಪು ಅಕ್ಕಿ ಬಂತು, ಬೀಜ ಬಂತು. ತೆನೆ ಕೊಯ್ದು ಹುಲ್ಲು ಬಿಟ್ಟಿದ್ದರಿಂದ ಜನವರಿಯಲ್ಲಿ ಶೆಟ್ಲಿ ಹಿಂದಿನ ವರ್ಷಕ್ಕಿಂತ ದಪ್ಪ ಇತ್ತು. ಇದನ್ನು ಹೇಳಿದವರು ಗುತ್ತಿಗೆದಾರರೇ.

ಈ ಎಲ್ಲದರ ಹಿಂದೆ ಒಂದು ದೊಡ್ಡ ಬಾಗಿಲಿದೆ, ಅದು ನಮ್ಮ ಕೈಯಲ್ಲಿ ಇಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕಾಳಿಗೆ ಇದೆ, ಶರಾವತಿಗೆ ಇದೆ. ಶರಾವತಿಯ ಅಳಿವೆಗೆ ವಿದ್ಯುತ್ ಮನೆಯ ನೀರು ವರ್ಷವಿಡೀ ಇಳಿಯುತ್ತದೆ. ಬೇಸಿಗೆಯಲ್ಲೂ ಅಲ್ಲಿ ಬೇಕಾದಷ್ಟು ಉಪ್ಪು ಏರುವುದಿಲ್ಲ, ಅಲ್ಲಿನ ಬಳಚು (ತಿನ್ನುವ ಚಿಪ್ಪುಜೀವಿ) ಕ್ಷೀಣಿಸಿದ್ದು ಹಾಗೆ. ನಮ್ಮ ಅಳಿವೆಯಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಲ್ಲೇ ತಡಕಿ ಬಳಚು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಅದರ ಹಿಂದೆಯೇ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಯ ಕಡೆಗೆ ಒಯ್ಯುವ ಪ್ರಸ್ತಾಪದ ಮಾತೂ ಎದ್ದಿದೆ. ಘಟ್ಟದ ಮೇಲೆ ಕೂತು ನೋಡಿದರೆ ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಅನಿಸಬಹುದು. ಆ ನೀರು ಜೂನ್‌ನಲ್ಲಿ ಬಂದು ಅಳಿವೆಯ ಉಪ್ಪನ್ನು ಹಿಂದಕ್ಕೆ ತಳ್ಳದಿದ್ದರೆ ನಾವು ಇಳಿತಕ್ಕೆ ಹಲಗೆ ಎತ್ತಿ ಏನು ಮಾಡುವುದು? ಹೊರಗಿನ ಹೊಳೆಯೇ ಉಪ್ಪಾಗಿದ್ದರೆ ಗದ್ದೆ ತೊಳೆಯಲು ಆಗುವುದಿಲ್ಲ.

2025ರಲ್ಲಿ ಮಳೆ ಇನ್ನೊಂದು ರೀತಿ ಆಡಿತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮ ಗಜನಿ ಒಣಗಲು ಸಿಕ್ಕಿದ್ದು ಮೂರು ವಾರ. ಬಿರುಕು ಬೆರಳಿನಷ್ಟೇ ಆಳ. ಆ ರಾತ್ರಿ ಜೋರು ಮಳೆಯಲ್ಲಿ ಗುತ್ತಿಗೆದಾರರ ಫೋನ್ ಬಂತು. "ಮಾಸ್ತರ್ರೇ, ಇಳಿತ ಶುರುವಾಗಿದೆ. ಹಲಗೆ ಎತ್ತಲಾ?" ಅಂದರು. ಪಾಳಿ ಅವರದ್ದಲ್ಲ, ಬಲೆಯೂ ಇರಲಿಲ್ಲ. ಬಾಗಿಲಿನ ಹತ್ತಿರ ಅವರ ಮನೆ ಇದೆ ಅಷ್ಟೇ. ಎತ್ತಿ ಅಂದೆ.

ಈ ಸಲ ನಾಲ್ಕು ಸಲ ತೊಳೆದೆವು. ಮೂರನೇ ಪರೀಕ್ಷೆಯ ಮಡಕೆಗಳು ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಬಾಗಿಲಿನ ಹತ್ತಿರದ ಕೆಸರಿನದು ಹಸಿರು. ನಡುವಿನದೂ ಹಸಿರು. ಕಾಂಡ್ಲಾ ಚಿಗುರಿದ ತಗ್ಗಿನ ಮೂಲೆಯದು ಮಾತ್ರ ತುದಿಯಲ್ಲಿ ಹಳದಿ. ಮಾವ ಆ ಮಡಕೆಯನ್ನು ಬದಿಗೆ ಸರಿಸಿ ಇಟ್ಟರು. ಮರುದಿನ ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ಬಿತ್ತಿದೆವು.